ಓದುವ ಫೈಲ್‌ಗೇ ಬರೆಯಲು ಹೋಗಿ ಪದಪಟ್ಟಿ ಕಳೆದುಕೊಂಡೆ

ಟರ್ಮಿನಲ್ (ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ) ಈಗಷ್ಟೇ ಕಲಿಯುತ್ತಿದ್ದೀರಾ? ಹಾಗಿದ್ದರೆ ಇದನ್ನು ಓದಿಬಿಡಿ. ಆರ್‌ಎಂ ಕಮಾಂಡ್ ಫೈಲ್ ಅಳಿಸಿಬಿಡುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ನನ್ನ ಫೈಲ್ ಹೋಗಿದ್ದು ಆರ್‌ಎಂನಿಂದ ಅಲ್ಲ, ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಹಾಕುವಾಗ. ಸಾರ್ಟ್‌ದೂ ತಪ್ಪಿಲ್ಲ ಬಿಡಿ. ಅದರ ಮುಂದೆ ನಾನು ಹಾಕಿದ ಒಂದು ಗುರುತಿನ ಕೆಲಸ ಅದು.

ಏಳೆಂಟು ತಿಂಗಳಿಂದ ಒಂದು ಪದಪಟ್ಟಿ ಮಾಡುತ್ತಿದ್ದೆ. ಸಾಲಿಗೊಂದು ಪದ. ಓದುವಾಗ ಸಿಕ್ಕಿದ್ದನ್ನೆಲ್ಲ ಕೊನೆಗೆ ಸೇರಿಸುತ್ತಾ ಹೋಗಿ 9,000 ಚಿಲ್ಲರೆ ಸಾಲು ಆಗಿತ್ತು. ಕೆಲವು ಪದ ಎರಡು ಮೂರು ಸಲ ಬಂದಿದ್ದವು. ಅವನ್ನು ತೆಗೆಯೋಣ ಅಂತ ಯೂನಿಕ್ ಹಾಕಿದೆ. ಲೆಕ್ಕ ಹೆಚ್ಚುಕಮ್ಮಿ ಹಾಗೇ ಇತ್ತು. ಯಾಕಂದ್ರೆ ಯೂನಿಕ್ ನೋಡುವುದು ಅಕ್ಕಪಕ್ಕದ ಸಾಲುಗಳನ್ನು ಮಾತ್ರ. ಒಂದೇ ಪದ 10ನೇ ಸಾಲಿನಲ್ಲೂ 500ನೇ ಸಾಲಿನಲ್ಲೂ ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಮೊದಲು ಸಾರ್ಟ್ ಆಗಬೇಕು. ಸಾರ್ಟ್‌ಗೆ -ಯು ಕೊಟ್ಟರೆ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತದೆ. ಸರಿ, ಬಂದ ಉತ್ತರವನ್ನು ಫೈಲ್‌ಗೆ ಬರೆಸುವ ಗುರುತು ಹಾಕಿ ಹೀಗೆ ಬರೆದೆ (ನನ್ನ ಫೈಲ್‌ನ ಹೆಸರು ಪದಗಳು):

ಸಾರ್ಟ್ -ಯು ಪದಗಳು > ಪದಗಳು

ಎಂಟರ್ ಒತ್ತಿದೆ. ಎರರ್ ಏನೂ ಬರಲಿಲ್ಲ. ಟರ್ಮಿನಲ್ ಸುಮ್ಮನಿದ್ದರೆ ಕೆಲಸ ಆಯ್ತು ಅಂತ ಲೆಕ್ಕ, ಅಲ್ವಾ? ನೋಡೋಣ ಅಂತ ಕ್ಯಾಟ್ ಹಾಕಿದೆ. ಏನೂ ಇಲ್ಲ. ಎಲ್‌ಎಸ್ -ಎಲ್ ಹಾಕಿದೆ. ಫೈಲ್‌ನ ಹೆಸರು ಇದೆ, ಗಾತ್ರ 0. ಕಣ್ಣು ಉಜ್ಜಿಕೊಂಡು ಇನ್ನೊಂದು ಸಲ ಹಾಕಿದೆ, ಸೊನ್ನೆಯೇ.

ಆಗಿದ್ದು ಇಷ್ಟು. ಆ ಸಾಲನ್ನು ಮೊದಲು ಓದುವುದು ಸಾರ್ಟ್ ಅಲ್ಲ, ಶೆಲ್, ಅಂದರೆ ನಾವು ಟೈಪ್ ಮಾಡಿದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ. ಅದು > ಗುರುತನ್ನು ಕಂಡ ಕೂಡಲೇ ಮುಂದಿರುವ ಫೈಲನ್ನು ತೆರೆದು ಖಾಲಿ ಮಾಡಿಟ್ಟುಕೊಳ್ಳುತ್ತದೆ. ಆಮೇಲೆ ಸಾರ್ಟ್‌ಗೆ ಚಾಲನೆ. ಪಾಪ, ಸಾರ್ಟ್ ಬಂದು ನೋಡುವಷ್ಟರಲ್ಲಿ ಫೈಲ್ ಖಾಲಿ. ಖಾಲಿ ಫೈಲನ್ನು ಚೆನ್ನಾಗಿಯೇ ಜೋಡಿಸಿ ಖಾಲಿಯನ್ನೇ ವಾಪಸ್ ಬರೆಯಿತು. ಅದರ ಪ್ರಕಾರ ತಪ್ಪೇನೂ ನಡೆದಿಲ್ಲ, ಇನ್ನು ಎರರ್ ಎಲ್ಲಿಂದ ಬರಬೇಕು? ಪಠ್ಯ ಹುಡುಕುವ, ತಿದ್ದುವ ಗ್ರೆಪ್, ಸೆಡ್, ಆಕ್ ಕಮಾಂಡ್‌ಗಳಲ್ಲಿ ಯಾವುದನ್ನೇ ಹೀಗೆ ಬರೆದರೂ ಇದೇ ಗತಿ.

ನಡುವೆ ಪೈಪ್ (ಒಂದು ಕಮಾಂಡ್‌ನ ಉತ್ತರವನ್ನು ಮುಂದಿನದಕ್ಕೆ ದಾಟಿಸುವ | ಗುರುತು) ಇದ್ದರೆ ಇನ್ನೂ ಮೋಸ. ಪೈಪ್‌ನ ಎರಡೂ ಕಡೆಯವು ಒಟ್ಟಿಗೆ ಶುರುವಾಗುತ್ತವೆ. ಮೊದಲನೆಯದು ಓದಿ ಮುಗಿಸುವುದು ಬೇಗನೋ, ಶೆಲ್ ಖಾಲಿ ಮಾಡುವುದು ಬೇಗನೋ ಅಂತ ಓಟದ ಪಂದ್ಯ. ಸಾಮಾನ್ಯವಾಗಿ ಫೈಲ್ ಹೋಗುತ್ತದೆ. ಯಾವಾಗಲೋ ಒಮ್ಮೆ ಚಿಕ್ಕ ಫೈಲ್ ಬಚಾವಾಗುತ್ತದೆ. "ನಾನು ಮಾಡಿದಾಗ ಏನೂ ಆಗಲಿಲ್ವಲ್ಲ" ಅಂತ ಯಾರಾದರೂ ಅಂದರೆ ನಂಬಬೇಡಿ.

ಗಾಬರಿಯಲ್ಲಿ ಕಂಟ್ರೋಲ್ ಝಡ್ ಒತ್ತಿದೆ. ನಗಬೇಡಿ, ಕೈ ತಾನಾಗೇ ಹೋಯಿತು. ಟರ್ಮಿನಲ್‌ನಲ್ಲಿ ಅದು ಓಡುತ್ತಿರುವ ಕೆಲಸವನ್ನು ತಡೆದು ನಿಲ್ಲಿಸುತ್ತದೆ, ಆಗಿಹೋದದ್ದನ್ನು ವಾಪಸ್ ತರುವುದಿಲ್ಲ. ಕಸದ ಬುಟ್ಟಿಯಲ್ಲೂ ನೋಡಿದೆ. ಅಲ್ಲಿ ಹೇಗೆ ಇರುತ್ತದೆ? ಫೈಲ್ ಅಳಿಸಿಯೇ ಇಲ್ಲ, ಒಳಗಿನದ್ದು ಮಾತ್ರ ಹೋಗಿದೆ.

ಬೇರೆ ಕಡೆ ಇಟ್ಟಿದ್ದ ಪ್ರತಿ ಒಂದಿತ್ತು, ಮೂರು ವಾರ ಹಳೆಯದು. ಉಳಿದಿದ್ದರಲ್ಲಿ ಸ್ವಲ್ಪ ಸಿಕ್ಕಿದ್ದು ಅದೃಷ್ಟದಿಂದ. ಬೆಳಗ್ಗೆ ಏನೋ ಹುಡುಕಲು ಗ್ರೆಪ್ ಹಾಕಿದ್ದೆ, ಅದರ ಉತ್ತರ ಟರ್ಮಿನಲ್ ಕಿಟಕಿಯಲ್ಲೇ ಮೇಲೆ ಉಳಿದಿತ್ತು. ಸ್ಕ್ರೋಲ್ ಮಾಡಿ ಅಷ್ಟನ್ನೂ ಕಾಪಿ ಮಾಡಿಕೊಂಡೆ. ನಿಮಗೆ ಹೀಗಾದರೆ ದಯವಿಟ್ಟು ಆ ಕಿಟಕಿ ಮುಚ್ಚಬೇಡಿ, ಕ್ಲಿಯರ್ ಅಂತೂ ಹೊಡೆಯಲೇಬೇಡಿ. ಅದೇ ಫೈಲ್ ಎಡಿಟರ್‌ನಲ್ಲಿ ತೆರೆದಿದ್ದರೆ ಇನ್ನೂ ಒಳ್ಳೆಯದು. ಫೈಲ್ ಬದಲಾಗಿದೆ, ಮತ್ತೆ ಲೋಡ್ ಮಾಡಲಾ ಅಂತ ಅದು ಕೇಳಿದರೆ ಬೇಡ ಅನ್ನಿ, ಬೇರೆ ಹೆಸರಿನಲ್ಲಿ ಸೇವ್ ಮಾಡಿ.

ಇದಕ್ಕೆ ದಾರಿ ಸಾರ್ಟ್‌ನಲ್ಲೇ ಇತ್ತು ಅನ್ನುವುದು ಹೊಟ್ಟೆ ಉರಿಸುವ ವಿಷಯ. ಸಾರ್ಟ್ -ಯು -ಓ ಪದಗಳು ಪದಗಳು ಅಂತ ಬರೆದರೆ ಸಾರ್ಟ್ ಎಲ್ಲವನ್ನೂ ಓದಿ ಮುಗಿಸಿಯೇ ಅದೇ ಫೈಲ್‌ಗೆ ಬರೆಯುತ್ತದೆ. ಬೇರೆ ಕಮಾಂಡ್‌ಗಳಾದರೆ ಹೊಸ ಹೆಸರಿನ ಫೈಲ್‌ಗೆ ಬರೆಸಿ, ಲೆಸ್ ಹಾಕಿ ಕಣ್ಣಾರೆ ನೋಡಿ, ಆಮೇಲೆ ಎಂವಿ ಹಾಕಿ ಅದಕ್ಕೆ ಹಳೆಯ ಹೆಸರು ಕೊಡಿ. ಸೆಡ್‌ನಲ್ಲಿ -ಐ (ಅದೇ ಫೈಲನ್ನು ತಿದ್ದುವ ಆಯ್ಕೆ) ಪಕ್ಕದಲ್ಲೇ, ಜಾಗ ಬಿಡದೆ, .ಬ್ಯಾಕ್ ಅಂತ ಸೇರಿಸಿದರೆ ಹಳೆಯದರ ಪ್ರತಿಯನ್ನು ತಾನೇ ಉಳಿಸುತ್ತದೆ.

ನಾನೀಗ ಶೆಲ್ ಶುರುವಾಗುವಾಗ ಓದಿಕೊಳ್ಳುವ ಬ್ಯಾಷ್‌ಆರ್‌ಸಿ ಫೈಲ್‌ನಲ್ಲಿ ಸೆಟ್ -ಓ ನೋಕ್ಲಾಬರ್ ಅಂತ ಒಂದು ಸಾಲು ಹಾಕಿಕೊಂಡಿದ್ದೇನೆ. ಇರುವ ಫೈಲ್ ಮೇಲೆ > ಹಾಕಿದರೆ ಶೆಲ್ ಒಪ್ಪುವುದಿಲ್ಲ. ಬೇಕೆಂದೇ ಬರೆಯುವುದಾದರೆ >| ಕೊಡಬೇಕು. ಆದರೆ ಇದು ಕಾಯುವುದು > ಒಂದನ್ನೇ. ಫೈಲ್‌ನ ಪ್ರತಿ ಮಾಡುವ ಸಿಪಿ, ಹೆಸರು ಬದಲಿಸುವ ಎಂವಿ ಎರಡೂ ಈಗಲೂ ಕೇಳದೆ ಹಳೆಯ ಫೈಲ್ ಮೇಲೆ ಕೂರಿಸಿಬಿಡುತ್ತವೆ, ಅವು ಮೊದಲು ಕೇಳಬೇಕಾದರೆ -ಐ ಬೇರೆ ಕೊಡಬೇಕು.

ಮೂರು ವಾರದ ಪದಗಳಲ್ಲಿ ಅರ್ಧದಷ್ಟು ಇನ್ನೂ ಸಿಕ್ಕಿಲ್ಲ. ಎಲ್ಲೋ ಓದುವಾಗ "ಅರೆ, ಇದನ್ನು ಬರೆದುಕೊಂಡಿದ್ದೆನಲ್ಲ" ಅಂತ ಒಂದೊಂದೇ ನೆನಪಾಗುತ್ತಿವೆ.