ಹೀಮೋಫೀಲಿಯಾ ಮಕ್ಕಳಿಗೆ ಕಾಸರಗೋಡಿನ ಒಂದು ಆಸ್ಪತ್ರೆ: ವಾರ್ಡ್ ಚೆನ್ನಾಗಿದೆ, ಕ್ಯಾಶುವಾಲಿಟಿ ಸುಧಾರಿಸಬೇಕು

ಹೀಮೋಫೀಲಿಯಾ ಎಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ; ಹೆಪ್ಪುಗಟ್ಟಲು ಬೇಕಾದ, ಈ ಮಕ್ಕಳಲ್ಲಿ ಕಡಿಮೆ ಇರುವ ಪ್ರೊಟೀನೇ ಫ್ಯಾಕ್ಟರ್. ಕಾಸರಗೋಡು ತಾಲೂಕಿನ ಈ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಫ್ಯಾಕ್ಟರ್ ಕೊಡುವ ಸಿಸ್ಟರ್‌ಗಳಿಗೆ ಕೆಲಸ ಗೊತ್ತಿದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ಒಳಗೆ ರಕ್ತ ಸೋರಿ ಗಂಟು (ಕೀಲು) ಊದಿದಾಗಲೆಲ್ಲ ಮಂಗಳೂರಿಗೆ ಓಡಬೇಕಾಗಿಲ್ಲ.

ಮದ್ದು ಬೆರೆಸುವ ರೀತಿ ನೋಡಿದರೇ ತಿಳಿಯುತ್ತದೆ. ಫ್ರಿಜ್‌ನಿಂದ ತೆಗೆದ ವಯಲ್‌ನ ತಣುಪು ಬಿಡುವವರೆಗೆ ಕಾಯುತ್ತಾರೆ. ನೀರು ಪುಡಿಯ ಮೇಲೆ ನೇರ ಬೀಳದೆ ಗಾಜಿನ ಒಳಬದಿಗುಂಟ ಇಳಿಯುವಂತೆ ವಯಲನ್ನು ಓರೆ ಹಿಡಿಯುತ್ತಾರೆ. ಆಮೇಲೆ ಮೆಲ್ಲಗೆ ತಿರುಗಿಸುತ್ತಾರೆ, ಕುಲುಕುವುದಿಲ್ಲ. ಕುಲುಕಿದರೆ ನೊರೆ ಬಂದು ಪ್ರೊಟೀನ್ ಕೆಡುತ್ತದೆ. ಫಿಲ್ಟರ್ ಸೂಜಿಯಲ್ಲಿ ಎಳೆದು, ಬಟರ್‌ಫ್ಲೈ ಸೂಜಿಯಲ್ಲಿ ನಿಧಾನವಾಗಿ ಕೊಟ್ಟು, ಚುಚ್ಚಿದ ಜಾಗವನ್ನು 5 ನಿಮಿಷ ಒತ್ತಿ ಹಿಡಿಯುತ್ತಾರೆ. ಉಜ್ಜುವುದಿಲ್ಲ.

ಲೆಕ್ಕವೂ ಬಾಯಲ್ಲೇ ಇದೆ. ಕಿಲೋಗೆ 1 ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಸುಮಾರು ಶೇ. 2 ಏರುತ್ತದೆ. 20 ಕಿಲೋ ತೂಗುವ ಮಗುವಿಗೆ ಶೇ. 40 ಏರಿಸಬೇಕಾದರೆ 400 ಯೂನಿಟ್. 250ರ ಎರಡು ವಯಲ್ ಒಡೆದ ಮೇಲೆ ಮಿಕ್ಕ 100 ಚೆಲ್ಲದೆ 500 ಪೂರ್ತಿ ಕೊಡುತ್ತಾರೆ, ಅದೇ ಸರಿ. ಫ್ಯಾಕ್ಟರ್ 9 ಏರಿಸುವುದು ಸುಮಾರು ಶೇ. 1 ಮಾತ್ರ, ಹಾಗಾಗಿ ಹೀಮೋಫೀಲಿಯಾ ಬಿ (ಫ್ಯಾಕ್ಟರ್ 9 ಕೊರತೆ) ಇರುವ ಮಗುವಿಗೆ ಯೂನಿಟ್ ದುಪ್ಪಟ್ಟು ಬೇಕು. ಪೆಟ್ಟಿಗೆಯ ಮೇಲಿರುವುದು 8 ಅಥವಾ 9 ಎಂಬುದನ್ನು ಇಬ್ಬರು ಸಿಸ್ಟರ್‌ಗಳು ಗಟ್ಟಿಯಾಗಿ ಓದಿಯೇ ಮುಂದುವರಿಯುತ್ತಾರೆ. ಈ ರೂಢಿ ಎಲ್ಲ ಕಡೆಗೂ ಬರಬೇಕು.

ತೊಡಕಿರುವುದು ಕ್ಯಾಶುವಾಲಿಟಿಯಲ್ಲಿ. ತಲೆಗೆ ಪೆಟ್ಟಾದ ಹೀಮೋಫೀಲಿಯಾ ಮಗುವಿಗೆ ಮೊದಲು ಫ್ಯಾಕ್ಟರ್, ಆಮೇಲೆ ಸಿಟಿ ಸ್ಕ್ಯಾನ್. ಇಲ್ಲಿ ಸ್ಕ್ಯಾನ್ ರಿಪೋರ್ಟ್ ಬರಲಿ ಎಂದು ಕೂರಿಸುತ್ತಾರೆ. ಮಗು ಆಡಿಕೊಂಡಿದ್ದರೂ ತಲೆಯೊಳಗೆ ರಕ್ತ ಜಿನುಗುತ್ತಿರಬಹುದು, ಕಾಯುವ ಒಂದೊಂದು ಗಳಿಗೆಯೂ ನಷ್ಟವೇ. ನೋವೆಂದರೆ ಸೊಂಟಕ್ಕೆ ಡೈಕ್ಲೋಫಿನಾಕ್ ಚುಚ್ಚಲು ಹೊರಡುವುದೂ ಉಂಟು. ಸ್ನಾಯುವಿಗೆ ಚುಚ್ಚಿದರೆ ಅಲ್ಲೇ ರಕ್ತ ತುಂಬಿಕೊಳ್ಳುತ್ತದೆ, ಮೇಲಾಗಿ ಆ ಮದ್ದು ಪ್ಲೇಟ್‌ಲೆಟ್ ಕೆಲಸವನ್ನೂ ತಡೆಯುತ್ತದೆ. ಕೊಡಬೇಕಾದದ್ದು ಪ್ಯಾರಾಸಿಟಮಾಲ್.

ಕೇರಳ ಸರಕಾರದ ಆಶಾಧಾರ ಯೋಜನೆಯಲ್ಲಿ ಎಮಿಸಿಜುಮಾಬ್ (ರಕ್ತಸ್ರಾವ ಆಗದಂತೆ ಮೊದಲೇ ಕೊಡುವ ಚುಚ್ಚುಮದ್ದು) ಪಡೆಯುವ ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಆ ಮದ್ದಿನ ಮೇಲಿರುವ ಮಗುವಿನ ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ಅಳೆಯುವ) ಪರೀಕ್ಷೆ ನಾರ್ಮಲ್ ಎಂದೇ ಬರುತ್ತದೆ, ಆದರೆ ಕಾಯಿಲೆ ಹೋಗಿರುವುದಿಲ್ಲ. ವಾರ್ಡಿನ ಸಿಸ್ಟರ್‌ಗಳು ಇದನ್ನು ಕೇಳಿ ತಿಳಿದುಕೊಳ್ಳುತ್ತಾರೆ, ಕ್ಯಾಶುವಾಲಿಟಿಯಲ್ಲಿ ನಾವೇ ಹೇಳಬೇಕು.

ಮನೆಗೆ ಕೊಡುವ ಚೀಟಿ ಮಲಯಾಳದಲ್ಲಿ ಮಾತ್ರ ಇದೆ. ಗಂಟು ಊದುವ ಮೊದಲೇ ಬಿಸಿಯಾಗುತ್ತದೆ, ಒಳಗೆ ಜುಮುಗುಡುತ್ತದೆ, ಫ್ಯಾಕ್ಟರ್ ಕೊಡಬೇಕಾದ್ದು ಆಗಲೇ. ಈ ಮಾತು ಕನ್ನಡ ಮಾತ್ರ ಓದಬಲ್ಲ ಅಮ್ಮಂದಿರಿಗೂ ತಲುಪಬೇಡವೇ? ಅರ್ಧ ಪುಟ ಅಚ್ಚು ಹಾಕಿಸಿದರೆ ಆಯಿತು.

ಹೋಗುವವರು ಒಂದು ಕಾರ್ಡಿನಲ್ಲಿ ಕಾಯಿಲೆ ಎ (ಫ್ಯಾಕ್ಟರ್ 8 ಕೊರತೆ) ಅಥವಾ ಬಿ, ಮಗುವಿನ ಈಗಿನ ತೂಕ, ಇನ್ಹಿಬಿಟರ್ (ಕೊಟ್ಟ ಫ್ಯಾಕ್ಟರ್ ಕೆಲಸ ಮಾಡದಂತೆ ತಡೆಯುವ ಆಂಟಿಬಾಡಿ) ಇದೆಯೋ ಇಲ್ಲವೋ, ಕೊನೆಯ ಡೋಸ್ ಕೊಟ್ಟ ದಿನ ಇಷ್ಟನ್ನು ಬರೆದುಕೊಂಡು ಹೋಗಿ. ತಲೆಗೆ ಪೆಟ್ಟಾಗಿದ್ದರೆ ಒಪಿ ಚೀಟಿಗೆ ಸಾಲು ನಿಲ್ಲಬೇಡಿ, ಮಕ್ಕಳ ವಾರ್ಡಿನ ಸಿಸ್ಟರನ್ನು ಕೆಳಗೆ ಕರೆಸಲು ಕೇಳಿ.