ಎರಕದ ಕಬ್ಬಿಣದ ಬಾಣ್ಲಿ, ಅದ್ರಾಗ ಆಲೂಗಡ್ಡಿ: ಬಳ್ಳಾರಿಯಾಗ ತಗೊಂಡು ಬಳಸಿ ನೋಡಿ ಬರ್ದದ್ದು

ಮೊದ್ಲೇ ಹೇಳಿಬಿಡ್ತೀನಿ, ಮನ್ಯಾಗ ಆಲೂಗಡ್ಡಿ ಜಾಸ್ತಿ ಮಾಡೋರು ಎರಕದ ಕಬ್ಬಿಣದ ಬಾಣ್ಲಿ ಒಂದು ತಗೊಳ್ರಿ, ದುಡ್ಡು ದಂಡ ಆಗಂಗಿಲ್ಲ. ಮಸಾಲಿ ಪುಡಿ ಬದ್ಲಿ ಮಾಡಿ, ಎಣ್ಣಿ ಬದ್ಲಿ ಮಾಡಿ, ಕಾರ್ನ್ ಫ್ಲೋರ್ ಉದುರ್ಸಿ, ಏನೇನೋ ಮಾಡಿದ್ರೂ ಬರ್ದಿದ್ದ ಗರಿಗರಿ, ಬರೇ ಪಾತ್ರಿ ಬದ್ಲಿ ಮಾಡಿದ್ದಕ್ಕ ಬಂತು. ಆಲೂಗಡ್ಡಿ ರುಚಿ ಅರ್ಧ ಗಡ್ಡಿ ಮ್ಯಾಲೆ, ಇನ್ನರ್ಧ ಪಾತ್ರಿ ಕಾವಿನ ಮ್ಯಾಲೆ ನಿಂತೈತಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಖಾರ ಮಸಾಲಿ ಎಲ್ಲ ಆಮ್ಯಾಲಿನ ಮಾತು.

ನಾನು ತಗೊಂಡಿದ್ದು ಬೆಂಗಳೂರು ರೋಡಿನ ಕಡಿ ಒಂದು ಪಾತ್ರಿ ಅಂಗಡ್ಯಾಗ. 10 ಇಂಚಿಂದು, ತಳ ಚಪ್ಪಟಿ, ಎರಡೂ ಕಡಿ ಕಿವಿ, ತೂಕ ಸುಮಾರು 3 ಕೆಜಿ, ಚೌಕಾಸಿ ಮಾಡಿ 1,150 ರೂಪಾಯಿ ಕೊಟ್ಟೆ. ಅದೇ ಸಾಲಿನ್ಯಾಗ ತಗಡು ಬಡಿದು ಮಾಡಿದ ತೆಳು ಕಬ್ಬಿಣದ ಬಾಣ್ಲಿನೂ ಇದ್ವು, ರೇಟು ಅರ್ಧದಷ್ಟು, ಬಜ್ಜಿ ಅಂಗಡಿಯವ್ರು ಬಳಸೋದು ಜಾಸ್ತಿ ಅದನ್ನೇ. ಅಂಗಡಿಯವ್ರು ಒಳ್ಳೆಯವ್ರು, "ಅಕ್ಕಾ, ತೆಳುವಂದು ಲಗೂನ ಕಾಯ್ತೈತಿ, ಕೆಳಗ ಬಿದ್ರೂ ಒಡಿಯಂಗಿಲ್ಲ, ಎರಕದ್ದು ಕೈ ಜಾರಿ ಬಿತ್ತಂದ್ರ ಮುಗೀತು ನೋಡ್ರಿ" ಅಂತ ಇದ್ದದ್ದು ಇದ್ದಂಗ ಹೇಳಿದ್ರು. "ಆಲೂಗಡ್ಡಿ ಹುರಿಯಾಕ ಬೇಕಣ್ಣ" ಅಂದೆ, "ಹಂಗಾರ ಎರಕದ್ದೇ ಒಯ್ರಿ" ಅಂದ್ರು. ಬೆರಳು ಮಡಿಚಿ ಬಾಣ್ಲಿ ಅಂಚಿಗೆ ಟಕ್ ಅಂತ ಹೊಡೆದು ತೋರಿಸಿದ್ರು, ಗಂಟಿಯಂಗ ನಾದ ಎಳೀತು, ಸೀಳು ಇದ್ದದ್ದು ಬೊದ್ದು ಸಪ್ಪಳ ಮಾಡ್ತೈತಂತ. ತಗೊಳ್ಳಾಕ ಹೋಗೋರು ಇದನ್ನ ತಪ್ಪದ ಮಾಡ್ರಿ, ಒಳಗ ಕೈಯಾಡಿಸಿ ನೋಡ್ರಿ, ಗುಂಡಿಗುಂಡಿ ಇರ್ಬಾರ್ದು, ಸ್ವಲ್ಪ ತರಿತರಿ ಇದ್ರ ಅಡ್ಡಿಯಿಲ್ಲ, ಬಳಸ್ತಾ ಬಳಸ್ತಾ ನುಣ್ಣಗ ಆಗ್ತೈತಿ.

ಒಂದು ಮಾತು ಇಲ್ಲೇ ಹೇಳ್ಬೇಕು ಅನಿಸ್ತೈತಿ. ಸಂಡೂರು ಗುಡ್ಡದಾಗ ಅದಿರು ತೆಗೀತಾರ, ತೋರಣಗಲ್ಲಿನ್ಯಾಗ ಉಕ್ಕು ಮಾಡ್ತಾರ, ನಮ್ಮ ಜಿಲ್ಲಾದ ಮಣ್ಣೇ ಕಬ್ಬಿಣದ ಬಣ್ಣ, ಆದ್ರ ನಮ್ಮ ಅಡಿಗಿ ಮನ್ಯಾಗ ಕಬ್ಬಿಣ ಅಂದ್ರ ರೊಟ್ಟಿ ಹಂಚು ಒಂದೇ ಉಳ್ದೈತಿ, ಅದೂ ಎಷ್ಟೋ ಮನ್ಯಾಗ ಹೋಗಿ ನಾನ್‌ಸ್ಟಿಕ್ ಬಂದೈತಿ. ಇಂಥ ಎರಕದ ಪಾತ್ರಿ ಮಾಡೋ ಫೌಂಡ್ರಿ ಬಾಳ ಇರೋದು ಕೊಯಮತ್ತೂರು, ಕೊಲ್ಲಾಪುರ, ನಮ್ಮ ಬೆಳಗಾವಿ ಕಡಿ. ಬಳ್ಳಾರಿ ಊರಾಗ ಇವು ಸರಿಯಾಗಿ ಸಿಗೋದು ಮತ್ತ ಶುರು ಆಗೇತಲ್ಲ, ಅದೇ ನನಗ ದೊಡ್ಡ ಖುಷಿ.

ಈಗ ಹದ ಮಾಡೋದು. ಹೊಸ ಬಾಣ್ಲಿಗೆ ಫ್ಯಾಕ್ಟರಿ ಎಣ್ಣಿ ಹಚ್ಚಿರ್ತಾರ, ಬಿಸಿ ನೀರು ಸೋಪು ಹಾಕಿ ಗಸಗಸ ತಿಕ್ಕಿ ತೊಳ್ದು ಒಲಿ ಮ್ಯಾಲೆ ಇಟ್ಟು ಪೂರ್ತಿ ಒಣಗಿಸ್ಬೇಕು. ಆಮ್ಯಾಲೆ ಎಣ್ಣಿ ಸವರಿ, ಅಲ್ಲೇ ಒಣ ಬಟ್ಟಿ ತಗೊಂಡು ಎಣ್ಣಿ ಇಲ್ಲವೇ ಇಲ್ಲ ಅನ್ನೋ ಹಂಗ ಒರೆಸಿ, ಹೊಗಿ ಬರೋತನಕ ಕಾಯಿಸಿ ಆರಾಕ ಬಿಡ್ಬೇಕು, ಹಿಂಗ ನಾಲ್ಕೈದು ಸುತ್ತು. ಎಣ್ಣಿ ದಪ್ಪ ಉಳೀತಂದ್ರ ಅಂಟಂಟು ಆಗ್ತೈತಿ, ಅದು ಯಾವ ಕಾಲಕ್ಕೂ ಸರಿ ಹೋಗಂಗಿಲ್ಲ, ಮತ್ತ ತಿಕ್ಕಿ ತೆಗಿಯಾದೇ. ಬಾಳ ಮಂದಿ ಇದಕ್ಕ ಅಗಸಿ ಎಣ್ಣಿ ಹೇಳ್ತಾರ, ನಾನು ಹಚ್ಚಿದ್ದು ಗಾಣದ ಕುಸುಬಿ ಎಣ್ಣಿ. ಕುಸುಬಿ ಎಣ್ಣಿ ಗಾಳಿಗೆ ಕಾವಿಗೆ ಒಣಗಿ ಪೊರಿ ಕಟ್ಟೋ ಜಾತಿದು, ಬಣ್ಣ ವಾರ್ನಿಷ್ ಮಾಡಾಕೂ ಅದನ್ನ ಬಳಸ್ತಾರ. ರಾಯಚೂರು, ಕೊಪ್ಪಳ ಕಡಿ ಎರಿ ಹೊಲದಾಗ ಹಿಂಗಾರಿಗೆ ಬೆಳಿಯೋ ಕುಸುಬಿ, ನಮಗ ಮನಿ ಬಾಗ್ಲಾಗ ಇರೋ ಎಣ್ಣಿ ಬಿಟ್ಟು ದೂರದ್ದು ಯಾಕ ಬೇಕು. ಪೊರಿ ಕಟ್ಟಿದ ಮ್ಯಾಲೆ ಬಾಣ್ಲಿ ಕರ್ರಗ ಮಿಂಚ್ತೈತಿ, ಒಳಗ ನೀರು ಹಾಕಿದ್ರ ಮುತ್ತು ಮುತ್ತಾಗಿ ಓಡ್ಯಾಡ್ತೈತಿ.

ಇನ್ನ ಮುಖ್ಯ ವಿಷಯ, ಆಲೂಗಡ್ಡಿ. ನಮ್ಮ ಮನ್ಯಾಗ ಮೊದ್ಲು ಮಾಡಿದ್ದು, ಈಗಲೂ ಜಾಸ್ತಿ ಮಾಡೋದು ಜೋಳದ ರೊಟ್ಟಿಗೆ ಹಚ್ಕೊಳ್ಳೋ ಒಣ ಪಲ್ಯ. ಸಿಪ್ಪಿ ತೆಗಿಯಂಗಿಲ್ಲ, ಮಣ್ಣು ಹೋಗೋ ಹಂಗ ತಿಕ್ಕಿ ತೊಳ್ದು ಸಣ್ಣ ಚೌಕ ಹೆಚ್ಚಿ ನೀರಾಗ ಹಾಕ್ತೀನಿ. ಹತ್ತು ನಿಮಿಷ ಬಿಟ್ಟು ನೋಡ್ರಿ, ನೀರು ಮಜ್ಜಿಗಿ ಬಣ್ಣ ಆಗಿರ್ತೈತಿ, ಅದೇ ಹಿಟ್ಟಿನಂಶ, ತಳ ಹಿಡಿಯೋದು ಅದೇ. ನೀರು ಚೆಲ್ಲಿ ಇನ್ನೊಮ್ಮೆ ತೊಳ್ದು ಬಟ್ಟಿ ಮ್ಯಾಲೆ ಹರವಿ ಒರೆಸ್ಬೇಕು, ಇದನ್ನ ಬಿಟ್ರ ಎಂಥ ಬಾಣ್ಲಿ ಇದ್ರೂ ಗರಿಗರಿ ಆಗಂಗಿಲ್ಲ ಯಾಕಂದ್ರ ಆಲೂಗಡ್ಡ್ಯಾಗ ನೂರಕ್ಕ ಸುಮಾರು 80 ಭಾಗ ನೀರೇ ಐತಿ, ಮ್ಯಾಲಿನ ನೀರೂ ಸೇರಿದ್ರ ಅದು ಹುರಿಯಂಗಿಲ್ಲ, ಬೇಯ್ತೈತಿ.

ಬಾಣ್ಲಿ ಸಣ್ಣ ಉರಿಮ್ಯಾಗ ಐದಾರು ನಿಮಿಷ ಬರೇ ಕಾಯಾಕ ಬಿಡ್ರಿ. ಎರಕದ ಕಬ್ಬಿಣ ನಿಧಾನ ಕಾಯ್ತೈತಿ, ಒಂದೇ ಸಲ ದೊಡ್ಡ ಉರಿ ಕೊಟ್ರ ನಡುವ ಸುಡ್ತೈತಿ, ಅಂಚು ತಣ್ಣಗೇ ಇರ್ತೈತಿ. ಒಮ್ಮೆ ಕಾದ್ರ ಮಾತ್ರ ಕಾವು ಬಿಡಂಗಿಲ್ಲ, ತೆಳು ಅಲ್ಯೂಮಿನಿಯಂ ಬಾಣ್ಲಿಗೆ ಅರ್ಧ ಕೆಜಿ ಆಲೂಗಡ್ಡಿ ಸುರುವಿದ ಕೂಡ್ಲೇ ಕಾವು ಇಳ್ದು ಗಡ್ಡಿ ನೀರು ಬಿಡಾಕ ಹತ್ತತೈತಿ, ಇದ್ರಾಗ ಚುರ್ ಅಂದದ್ದು ಚುರ್ ಅಂತಾನೇ ಇರ್ತೈತಿ. ಶೇಂಗಾ ಎಣ್ಣಿ ಮೂರು ಚಮಚ, ಸಾಸ್ವಿ, ಜೀರಗಿ, ಕರಿಬೇವು, ಅರಿಶಿಣ, ಆಲೂಗಡ್ಡಿ ಹಾಕಿ ಒಮ್ಮೆ ಕಲಸಿ ಹರವಿ ಸುಮ್ನ ಬಿಟ್ಟುಬಿಡ್ರಿ. ಕೈ ಸುಮ್ನಿರಂಗಿಲ್ಲ ಗೊತ್ತೈತಿ, ಆದ್ರೂ ಬಿಡ್ರಿ. ಮೊದ್ಲು ತಳಕ್ಕ ಅಂಟ್ಕೊಂಡಂಗ ಅನಿಸ್ತೈತಿ, ನಾಲ್ಕು ನಿಮಿಷ ಆದಮ್ಯಾಲೆ ಕೆಳಗ ಬಂಗಾರದ ಬಣ್ಣದ ಹಕ್ಕಳಿ ಕಟ್ಟಿ ತಾನಾಗೇ ಬಿಡ್ತೈತಿ, ಆಗ ಸೌಟಿನಿಂದ ಮಗುಚ್ಬೇಕು. ಉಪ್ಪು ಮುಕ್ಕಾಲು ಬೆಂದ ಮ್ಯಾಲೆ, ಮೊದ್ಲೇ ಹಾಕಿದ್ರ ನೀರು ಬಿಡ್ತೈತಿ. ಖಾರದ ಪುಡಿ, ಗುರೆಳ್ಳು ಪುಡಿ ಒಲಿ ಆರಿಸಿದ ಮ್ಯಾಲೇ ಹಾಕ್ರಿ, ಬಾಣ್ಲಿ ಕಾವೇ ಸಾಕು, ಉರಿ ಮ್ಯಾಲಿದ್ದಾಗ ಹಾಕಿದ್ರ ಗುರೆಳ್ಳು ಕಹಿ ಆಗ್ತೈತಿ. ಕಡಕ್ ಜೋಳದ ರೊಟ್ಟಿ, ಈ ಪಲ್ಯ, ಬದಿಗೆ ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಇದಕ್ಕಿಂತ ಚಂದದ ಊಟ ನನಗ ಗೊತ್ತಿಲ್ರಿ.

ಎರಡನೇದು ಸಣ್ಣ ಗೋಲಿ ಆಲೂಗಡ್ಡಿ, ಬಳ್ಳೊಳ್ಳಿ ಖಾರ ಹಚ್ಚಿದ್ದು. ಸಂತ್ಯಾಗ ರಾಶಿ ಹಾಕಿ ಕಡಿಮಿ ರೇಟಿಗೆ ಮಾರ್ತಾರಲ್ಲ, ಅವೇ. ಇಡಿ ಇಡೀ ಹಾಕಿ, ಎಣ್ಣಿ ಎರಡು ಚಮಚ, ಮುಚ್ಚಳ ಮುಚ್ಚಿ ಸಣ್ಣ ಉರಿಮ್ಯಾಗ ಅರ್ಧ ತಾಸು, ಆಗೀಗ ಬಾಣ್ಲಿ ಕಿವಿ ಹಿಡ್ದು ಅಲುಗಾಡ್ಸೋದು ಅಷ್ಟೇ ಕೆಲಸ. ಸಿಪ್ಪಿ ಮುದುರಿ ಅಲ್ಲಲ್ಲಿ ಕರಿ ಚುಕ್ಕಿ ಬರ್ತಾವ, ಒಳಗ ಬೆಣ್ಣಿ. ಬ್ಯಾಡಗಿ ಮೆಣಸಿನಕಾಯಿ ನೆನಸಿ ಬಳ್ಳೊಳ್ಳಿ, ಜೀರಗಿ, ಉಪ್ಪು ಹಾಕಿ ರುಬ್ಬಿದ ಕೆಂಪು ಖಾರ ಕಡೀಗೆ ಕಲಸಿ ಎರಡು ನಿಮಿಷ ಹಸಿ ವಾಸನಿ ಹೋಗೋತನಕ. ಹುಣಸಿ ಹಾಕಬ್ಯಾಡ್ರಿ, ಬೇಕಂದ್ರ ತಾಟಿಗೆ ಹಾಕ್ಕೊಂಡ ಮ್ಯಾಲೆ ನಿಂಬಿಹಣ್ಣು ಹಿಂಡ್ಕೊಳ್ರಿ.

ಹುಳಿ ಮಾತು ಬಂತಲ್ಲ, ಇದೇ ಈ ಬಾಣ್ಲಿಯ ದೊಡ್ಡ ಮಿತಿ. ಬದನಿಕಾಯಿ ಆಲೂಗಡ್ಡಿ ಹುಣಸಿ ಹುಳಿ ಪಲ್ಯ, ಟೊಮೊಟೊ ಹಾಕಿದ ಪೂರಿ ಸಾಗು ಇವನ್ನೆಲ್ಲ ಇದ್ರಾಗ ಮಾಡಂಗಿಲ್ಲ. ಹುಳಿ ಕಬ್ಬಿಣಾನ ಎಳೀತೈತಿ, ಪಲ್ಯ ಕಪ್ಪಗಾಗ್ತೈತಿ, ಬಾಯಾಗ ಲೋಹದ ರುಚಿ ಬರ್ತೈತಿ, ಕಷ್ಟಪಟ್ಟು ಕಟ್ಟಿದ ಪೊರಿನೂ ಹೋಗ್ತೈತಿ. ಕಬ್ಬಿಣದಂಶ ಊಟದಾಗ ಇಳಿಯೋದು ರಕ್ತ ಕಡಿಮಿ ಇರೋರಿಗೆ ಒಳ್ಳೇದೇ, ಆದ್ರ ಅದಕ್ಕಂತ ಡಾಕ್ಟರ್ ಕೊಟ್ಟ ಗುಳಗಿ ಬಿಟ್ಟು ಬಾಣ್ಲಿ ನಂಬಿ ಕೂಡಬಾರ್ದು. ದೋಸಿಗೆ ಮಾಡೋ ಬೇಯಿಸಿದ ಆಲೂಗಡ್ಡಿ ಪಲ್ಯ ಚಂದ ಆಗ್ತೈತಿ, ಹೇಳೋವಷ್ಟು ಫರಕು ಮಾತ್ರ ಇಲ್ಲ, ಅದಕ್ಕ ಸ್ಟೀಲ್ ಪಾತ್ರಿನೂ ನಡೀತೈತಿ.

ಬಜ್ಜಿ ವಿಷಯಕ್ಕ ಬಂದ್ರ ಮಾತ್ರ ಈ ಬಾಣ್ಲಿ ಗೆದ್ದೇಬಿಡ್ತೈತಿ. ಬಳ್ಳಾರಿಯಾಗ ಸಂಜಿ ಆತಂದ್ರ ಒಗ್ಗರಣಿ ಮಂಡಕ್ಕಿ ಮಿರ್ಚಿ ಇಲ್ದ ಯಾವ ಓಣಿನೂ ಇಲ್ಲ. ಮನ್ಯಾಗ ಮಾಡಿದ್ರ ಮಕ್ಕಳಿಗೆ ಮಿರ್ಚಿ ಖಾರ ಆಗ್ತೈತಂತ ಅದೇ ಹಿಟ್ಟಿನ್ಯಾಗ ಆಲೂಗಡ್ಡಿ ಬಿಲ್ಲಿ ಅದ್ದಿ ಬಿಡ್ತೀನಿ. ಎರಕದ ಬಾಣ್ಲ್ಯಾಗ ಎಣ್ಣಿ ಕಾವು ಇಳಿಯದಂಗ ಇರೋದ್ರಿಂದ ಏಳೆಂಟು ಬಜ್ಜಿ ಒಮ್ಮೆಗೇ ಬಿಟ್ರೂ ಹಿಟ್ಟು ಎಣ್ಣಿ ಕುಡಿಯಂಗಿಲ್ಲ, ಪೇಪರ್ ಮ್ಯಾಲೆ ಇಟ್ರ ಕಲಿ ಬಾಳ ಕಡಿಮಿ. ಬಿಲ್ಲಿ ತೆಳ್ಳಗ ಇರ್ಲಿ, ದಪ್ಪ ಹೆಚ್ಚಿದ್ರ ಮ್ಯಾಲೆ ಕೆಂಪಾಗಿ ಒಳಗ ಹಸಿ ಉಳೀತೈತಿ.

ಗಡ್ಡಿ ಯಾವ್ದು ತರ್ಬೇಕು ಅನ್ನೋದನ್ನ ಇಲ್ಲೇ ಹೇಳ್ತೀನಿ ಯಾಕಂದ್ರ ಬಾಣ್ಲಿ ಎಷ್ಟೇ ಚಲೋ ಇದ್ರೂ ಗಡ್ಡಿ ಸರಿ ಇಲ್ಲಂದ್ರ ಬಾಣ್ಲಿಗೆ ಕೆಟ್ಟ ಹೆಸರು ಬರ್ತೈತಿ. ಮಳಿಗಾಲದ ಕಡೀಗೆ ಹಾಸನ ಕಡಿಯಿಂದ ಹೊಸ ಆಲೂಗಡ್ಡಿ ಬರ್ತಾವ, ಸಿಪ್ಪಿ ತೆಳ್ಳಗ, ಉಗುರಿನ್ಯಾಗ ಕೆರೆದ್ರ ಬಿಡ್ತೈತಿ, ಕೆಮ್ಮಣ್ಣು ಹತ್ತಿರ್ತೈತಿ. ಒಣ ಪಲ್ಯಕ್ಕ ನನ್ನ ಮೆಚ್ಚಿನವು ಅವೇ. ಉಳಿದ ದಿನದಾಗ ನಾವು ತಿನ್ನೋದು ಬಾಳಷ್ಟು ಆಗ್ರಾ ಕಡಿ ಕೋಲ್ಡ್ ಸ್ಟೋರೇಜಿನ ಮಾಲು. ತಣ್ಣಗ ಇಟ್ರ ಆಲೂಗಡ್ಡ್ಯಾಗಿನ ಹಿಟ್ಟಿನಂಶ ಸಕ್ಕರಿ ಆಗಾಕ ಹತ್ತತೈತಿ, ಅಂಥ ಗಡ್ಡಿ ಸ್ವಲ್ಪ ಸಿಹಿ ಹೊಡೀತೈತಿ, ಒಳಗ ಬೇಯೋದ್ರಾಗ ಮ್ಯಾಲೆ ಕಂದು ಕಪ್ಪು ಆಗಿಬಿಡ್ತೈತಿ. ಎಷ್ಟೋ ಮಂದಿ ಕಬ್ಬಿಣದ ಬಾಣ್ಲಿ ಸುಟ್ಟುಬಿಡ್ತೈತಿ ಅಂತ ಮೂಲಿಗೆ ಹಾಕಿರೋದು ಈ ಕಾರಣಕ್ಕೇ, ಬಾಣ್ಲಿ ತಪ್ಪಲ್ಲ ಅದು. ಅಂಥ ಗಡ್ಡಿ ತಂದ್ರ ಒಂದೆರಡು ವಾರ ಮನ್ಯಾಗ ಗಾಳಿ ಆಡೋ ಬುಟ್ಟ್ಯಾಗ, ಬೆಳಕು ಬೀಳದ ಕಡಿ ಇಟ್ರ ಸಕ್ಕರಿ ಅಂಶ ಕಡಿಮಿ ಆಗ್ತೈತಿ. ಫ್ರಿಜ್‌ನ್ಯಾಗ ಇಡಬ್ಯಾಡ್ರಿ, ಅಲ್ಲೂ ಇದೇ ಕತಿ. ನಮ್ಮ ಊರ ಬಿಸಲಿಗೆ ಏಪ್ರಿಲ್ ಮೇದಾಗ ಹೊರಗ ಇಟ್ರ ಲಗೂನ ಮೊಳಕಿ ಬರ್ತಾವ, ಅದಕ್ಕ ಆ ತಿಂಗಳಾಗ ಒಂದೊಂದೇ ಕೆಜಿ ತರೋದು. ಹಸರು ತಿರುಗಿದ ಗಡ್ಡಿ ಮಾತ್ರ ಯಾವ ಕಾಲಕ್ಕೂ ತಿನಬ್ಯಾಡ್ರಿ, ಅದ್ರಾಗ ಸೋಲನಿನ್ ಅನ್ನೋ ವಿಷ ಸೇರಿರ್ತೈತಿ, ಬೇಯಿಸಿದ್ರೂ ಹುರಿದ್ರೂ ಹೋಗಂಗಿಲ್ಲ.

ಬಾಣ್ಲಿದು ಬ್ಯಾಸರ ತರೋ ವಿಷಯಾನೂ ಅದಾವ. ತೂಕ ನಿಜವಾಗ್ಲೂ ಜಾಸ್ತಿ, ನಮ್ಮ ಅತ್ತಿಯವ್ರಿಗೆ ಮಣಿಕಟ್ಟು ನೋವು, ಅವ್ರು ಇದನ್ನ ಎತ್ತಂಗಿಲ್ಲ, ತುಂಬಿದಾಗಂತೂ ಎರಡು ಕೈ ಬೇಕೇ ಬೇಕು. ಕಿವಿ ಕೆಂಡದಂಗ ಕಾಯ್ತಾವ, ದಪ್ಪ ಬಟ್ಟಿ ಕೈಯಾಗ ಇರ್ಲೇಬೇಕು, ಇಕ್ಕಳ ಈ ತೂಕಕ್ಕ ಜಾರ್ತೈತಿ. ಮೊದ್ಲಿನ ಕೆಲವು ದಿನ ಒರೆಸಿದ ಬಟ್ಟಿಗೆ ಕರಿ ಹತ್ತತಿತ್ತು, ಬಳಸ್ತಾ ಬಳಸ್ತಾ ನಿಂತೈತಿ. ರಾತ್ರಿ ಸಿಂಕಿನ್ಯಾಗ ನೀರು ಹಾಕಿ ನೆನಿಯಾಕ ಇಡೋ ರೂಢಿ ಇದ್ದೋರಿಗೆ ಇದು ಬ್ಯಾಡ, ಮುಂಜಾನಿ ತುಕ್ಕು ಹಿಡ್ದಿರ್ತೈತಿ. ಕೆಲಸಕ್ಕ ಬರೋ ಅಕ್ಕನಿಗೂ ಹೇಳೀನಿ, ಇದೊಂದು ನಾನೇ ತೊಳೀತೀನಿ ಬಿಡಕ್ಕ ಅಂತ: ಬಿಸಿ ಇರುವಾಗಲೇ ನೀರು, ತೆಂಗಿನ ನಾರು, ಒಲಿ ಮ್ಯಾಲೆ ಒಣಗಿಸಿ ಒಂದು ಹನಿ ಎಣ್ಣಿ ಸವರೋದು. ಆದ್ರ ಕಾದ ಬಾಣ್ಲಿಗೆ ತಣ್ಣೀರು ಸುರುವಬ್ಯಾಡ್ರಿ, ಎರಕದ್ದು ಸೀಳ್ತೈತಿ, ಬಿಸಿ ನೀರೇ ಹಾಕ್ರಿ.

ಇಂಡಕ್ಷನ್ ಒಲಿ ಇದ್ದೋರು ಚಪ್ಪಟಿ ತಳದ್ದೇ ಕೇಳಿ ತಗೊಳ್ರಿ, ಗುಂಡು ತಳದ್ದು ಅದ್ರ ಮ್ಯಾಲೆ ಕೂಡಂಗಿಲ್ಲ, ಮತ್ತ ಗಾಜಿನ ಮ್ಯಾಲೆ ಎಳೀಬ್ಯಾಡ್ರಿ, ಗೀರು ಬೀಳ್ತಾವ. ಮುಚ್ಚಳ ಇದ್ರ ಸಂಗಾಟ ಕೊಡಂಗಿಲ್ಲ, ಅಂಗಡ್ಯಾಗೇ ಅಳತಿ ನೋಡಿ ಒಂದು ಸ್ಟೀಲ್ ತಾಟು ತಗೊಂಡೆ, 120 ರೂಪಾಯಿ, ಸರಿಯಾಗಿ ಕುಂತೈತಿ. ನಾಲ್ಕು ಮಂದಿ ಮನಿಗೆ 10 ಇಂಚು ಸಾಕು, ಆರು ಮಂದಿ ಅದಾರ ಅಂದ್ರ 12 ಇಂಚಿಂದು ನೋಡ್ರಿ, ಆದ್ರ ಮೊದ್ಲು ಅಂಗಡ್ಯಾಗೇ ಒಂದು ಕೈಲೆ ಎತ್ತಿ ನೋಡಿ ಆಮ್ಯಾಲೆ ದುಡ್ಡು ಕೊಡ್ರಿ.