ಕ್ಲೋರೈಡ್ ಹನಿ ಕಿಟ್: ಕೋಲಾರದ ಬೋರ್‌ವೆಲ್ ನೀರಿಗೆ ಎಷ್ಟು ನಂಬಬಹುದು?

ಡಬ್ಬಿಯಲ್ಲಿರುವುದು ಮೂರೇ ಸಾಮಾನು: 10 ಮಿ.ಲೀ. ಗುರುತಿನ ಟ್ಯೂಬು, ಪೊಟ್ಯಾಶಿಯಂ ಕ್ರೋಮೇಟಿನ ಹಳದಿ ದ್ರಾವಣ, ಕಂದು ಬಾಟಲಿಯಲ್ಲಿ 30 ಮಿ.ಲೀ. ಸಿಲ್ವರ್ ನೈಟ್ರೇಟ್. ನೀರಿಗೆ ಕ್ರೋಮೇಟ್ ಎರಡು ಹನಿ, ಆಮೇಲೆ ಸಿಲ್ವರ್ ನೈಟ್ರೇಟ್ ಒಂದೊಂದೇ ಹನಿ. ಹಳದಿ ಹೋಗಿ ಇಟ್ಟಿಗೆ ಬಣ್ಣ ನಿಂತಾಗ ಹನಿಗಳನ್ನು 10ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿ.ಗ್ರಾಂ ಕ್ಲೋರೈಡ್ ಅನ್ನುವುದು ಸಿಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಮಿತಿ 250, ಅಂದರೆ 25 ಹನಿ. ಬೇರೆ ನೀರಿಲ್ಲದ ಕಡೆ 1000ದವರೆಗೆ ವಿನಾಯಿತಿ ಇದೆ.

ಹನಿ ಬಿದ್ದ ಜಾಗದಲ್ಲಿ ಕೆಂಪು ಮಿಂಚಿ, ಅಲುಗಾಡಿಸಿದರೆ ಮಾಯವಾಗುತ್ತದೆ. ಹೊಸಬರು ಅಲ್ಲೇ ನಿಲ್ಲಿಸಿ ಕಡಿಮೆ ಲೆಕ್ಕ ಬರೆಯುತ್ತಾರೆ. ಆ ಕೆಂಪು ಸಿಲ್ವರ್ ಕ್ರೋಮೇಟ್. ನೀರಿನಲ್ಲಿ ಕ್ಲೋರೈಡ್ ಇನ್ನೂ ಉಳಿದಿದ್ದರೆ ಆ ಕೆಂಪು ಕರಗಿ, ಅದರಲ್ಲಿದ್ದ ಬೆಳ್ಳಿಯು ಬಿಳಿಯ ಸಿಲ್ವರ್ ಕ್ಲೋರೈಡ್ ಆಗಿ ಕೂರುತ್ತದೆ. ಪಿಯುಸಿ ಮಕ್ಕಳು ಎಡವುವುದೂ ಇಲ್ಲೇ. ಕರಗುವಿಕೆ ಗುಣಲಬ್ಧ (ಕರಗಿದ ಅಯಾನುಗಳ ಪ್ರಮಾಣಗಳ ಗುಣಲಬ್ಧ, ಇದನ್ನು ದಾಟಿದರೆ ಲವಣ ಗಷ್ಟಾಗಿ ಕೂರುತ್ತದೆ) ಸಿಲ್ವರ್ ಕ್ಲೋರೈಡಿಗೆ 1.8 × 10⁻¹⁰, ಸಿಲ್ವರ್ ಕ್ರೋಮೇಟಿಗೆ 1.1 × 10⁻¹². ಅಂಕಿ ಚಿಕ್ಕದು, ಹಾಗಾಗಿ ಕ್ರೋಮೇಟೇ ಮೊದಲು ಒತ್ತರಿಸಬೇಕಲ್ಲವೇ, ಅಂದರೆ ಗಷ್ಟಾಗಿ ಕೂರಬೇಕಲ್ಲವೇ? ಇಲ್ಲ. ಒಂದರಲ್ಲಿ ಎರಡು ಅಯಾನು, ಇನ್ನೊಂದರಲ್ಲಿ ಮೂರು. ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಲೆಕ್ಕ ಹಾಕಿದರೆ ಸಿಲ್ವರ್ ಕ್ಲೋರೈಡ್ ಲೀಟರಿಗೆ 1.3 × 10⁻⁵ ಮೋಲ್ ಕರಗುತ್ತದೆ, ಸಿಲ್ವರ್ ಕ್ರೋಮೇಟ್ 6.5 × 10⁻⁵, ಸುಮಾರು ಐದು ಪಟ್ಟು. ಹಾಗಾಗಿ ಕಡಿಮೆ ಕರಗುವ ಕ್ಲೋರೈಡೇ ಮೊದಲು ಕೂರುತ್ತದೆ. ಕಾಲೇಜಿನಲ್ಲಿ ಈ ಪಾಠ ತೋರಿಸಲು ಇಷ್ಟು ಸಲೀಸಾದ ಸಾಮಾನು ಇನ್ನೊಂದಿಲ್ಲ.

ಕೊರತೆ ಇರುವುದು ಕೈಪಿಡಿಯಲ್ಲಿ. ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅನ್ನುವ ಅಳತೆ) ಬಗ್ಗೆ ಒಂದಕ್ಷರ ಇಲ್ಲ. 6.5ಕ್ಕಿಂತ ಕೆಳಗಿದ್ದರೆ ಕ್ರೋಮೇಟ್ ರೂಪ ಬದಲಿಸಿ ಕೆಂಪು ತಡವಾಗಿ ಬರುತ್ತದೆ, ಲೆಕ್ಕ ಜಾಸ್ತಿ ಕಾಣುತ್ತದೆ. 10 ದಾಟಿದರೆ ಸಿಲ್ವರ್ ಆಕ್ಸೈಡಿನ ಕಂದು ಕೆಸರು. ಆರ್‌ಓ ಘಟಕದ ನೀರು ಹಲವು ಸಲ 6.5ಕ್ಕಿಂತ ಕೆಳಗೇ ಇರುತ್ತದೆ. ಅದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಸಾಕು. ಬಾಟಲಿಯನ್ನು ನೆಟ್ಟಗೆ ಹಿಡಿಯಿರಿ, ಓರೆಯಾದರೆ ಹನಿಯ ಗಾತ್ರವೇ ಬದಲಾಗುತ್ತದೆ. ಡಿಸ್ಟಿಲ್ಡ್ ನೀರಿನಲ್ಲೂ ಒಮ್ಮೆ ನೋಡಿ: ಮೊದಲ ಹನಿಗೇ ಬಣ್ಣ ಬರಬೇಕು, ಆ ಹನಿಯನ್ನು ಮುಂದಿನ ಎಣಿಕೆಗಳಲ್ಲಿ ಕಳೆಯಿರಿ.

ಇನ್ನೊಂದು ತಕರಾರು, ‘100 ಪರೀಕ್ಷೆ’ ಅನ್ನುವ ಲೇಬಲ್. 30 ಮಿ.ಲೀ. ಅಂದರೆ ಸುಮಾರು 600 ಹನಿ. ಕ್ಲೋರೈಡ್ 400 ಇರುವ ಬೋರ್‌ವೆಲ್ ನೀರಿಗೆ 40 ಹನಿ ಬೇಕು, 15 ಸಲಕ್ಕೆ ಖಾಲಿ. 5 ಮಿ.ಲೀ. ನೀರಿಗೆ 5 ಮಿ.ಲೀ. ಡಿಸ್ಟಿಲ್ಡ್ ಸೇರಿಸಿ 20ರಿಂದ ಗುಣಿಸಿದರೆ ಬಾಟಲಿ ಎರಡರಷ್ಟು ಬಾಳುತ್ತದೆ, ನಿಖರತೆ ಅಷ್ಟೇ ಕುಗ್ಗುತ್ತದೆ. ಬಳಸಿದ ನೀರನ್ನು ಸಿಂಕಿಗೆ ಚೆಲ್ಲಬೇಡಿ. ಕ್ರೋಮೇಟ್ ವಿಷ, ಮುಚ್ಚಳದ ಕ್ಯಾನಿನಲ್ಲಿ ಕೂಡಿಟ್ಟು ಲ್ಯಾಬ್ ತ್ಯಾಜ್ಯಕ್ಕೆ ಕೊಡಿ. ಸಿಲ್ವರ್ ನೈಟ್ರೇಟ್ ಬೆರಳಿಗೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗದು.

ಆರ್‌ಓಗೆ ಹೋಗುವ ನೀರು, ಹೊರಬರುವ ನೀರು ಎರಡನ್ನೂ ಹೋಲಿಸಿ ಮೆಂಬ್ರೇನ್ (ಸೋಸುವ ಪೊರೆ) ಸೋತಿದೆಯೇ ನೋಡುವುದಕ್ಕೆ ಈ ಕಿಟ್ ಧಾರಾಳವಾಗಿ ಸಾಕು. ಆದರೆ ಕೋಲಾರ, ಬಾಗೇಪಲ್ಲಿ ಕಡೆ ಜನ ಕೇಳುವುದು ಫ್ಲೋರೈಡ್. ಅದು ಇಲ್ಲಿ ಕಾಣುವುದೇ ಇಲ್ಲ, ಸಿಲ್ವರ್ ಫ್ಲೋರೈಡ್ ನೀರಿನಲ್ಲಿ ಸರಾಗವಾಗಿ ಕರಗುತ್ತದೆ. ‘ನೀರು ಮೆದು, ಹಾಗಾಗಿ ಒಳ್ಳೇದು’ ಅನ್ನುವುದನ್ನೂ ನಂಬಬೇಡಿ: ಕ್ಯಾಲ್ಸಿಯಂ ಕಡಿಮೆ ಇದ್ದಷ್ಟೂ ಕ್ಯಾಲ್ಸಿಯಂ ಫ್ಲೋರೈಡ್ ಒತ್ತರಿಸದೆ ಹೆಚ್ಚು ಫ್ಲೋರೈಡ್ ನೀರಲ್ಲೇ ಉಳಿಯಬಲ್ಲದು. ಫ್ಲೋರೈಡ್ ನೋಡಲು ಜಿರ್ಕೋನಿಯಂ ಬಣ್ಣದ ಕಿಟ್ ಬೇರೆಯೇ ಕೊಳ್ಳಬೇಕು.